ಬೆನ್ನು ತಿರುಗಿಸಿದ ಸೇನಾಪತಿ

ದುಬೈಯಿಂದ ಬಂದ ಪೊಟ್ಟಣ ಬಿಚ್ಚುವಾಗಲೇ ನನ್ನ ತಲೆ ಕೆಟ್ಟಿತ್ತು. ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ನನ್ನದೊಂದು ವಿಡಿಯೊ ಲೈಬ್ರರಿ. ಕೆಳಗೆ ಖಾಸಗಿ ಬಸ್ಸಿನ ಕಂಡಕ್ಟರುಗಳು ಪುತ್ತೂರು, ಮಾಣಿ, ಧರ್ಮಸ್ಥಳ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರೆ, ಮೇಲೆ ನನ್ನ ಟಿವಿಯಲ್ಲಿ ಯಾರು ಏನು ಹೇಳಿದರೂ ಅರ್ಧ ಕೇಳಿಸುತ್ತಿರಲಿಲ್ಲ. ಅಂಥ ಜಾಗದಲ್ಲಿ ಕೂತು ದನಿಗಳ ಗುಣ ಅಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ನನಗೇ ಏಕೆ ಎಂದರೆ, ಬಾಲ್ಯದ ಕೆಲವು ವರ್ಷ ನಾನು ಸೌದಿಯ ದಮ್ಮಾಮಿನಲ್ಲಿದ್ದೆ. ನನ್ನ ಬಾಪ, ಎಂದರೆ ನಮ್ಮ ಬ್ಯಾರಿ ಮುಸ್ಲಿಮರ ಮಾತಿನಲ್ಲಿ ಅಪ್ಪ, ಅಲ್ಲಿ ಅಂಗಡಿಯಲ್ಲಿದ್ದರು. ಅಲ್ಲಿಯ ಟಿವಿಯಲ್ಲಿ ಅನಿಮೆ ಎಂಬ ಜಪಾನಿನ ಕಾರ್ಟೂನು ಸರಣಿಗಳು ಅರಬ್ಬಿಯಲ್ಲಿ ಬರುತ್ತಿದ್ದವು. ಕತ್ತಿ ಹಿಡಿದ ಜಪಾನೀ ವೀರರು ಅರಬ್ಬಿಯನ್ನೇ ಮಾತಾಡುವವರು ಎಂದು ನಾನು ಬಹಳ ಕಾಲ ನಂಬಿದ್ದೆ. ನನ್ನ ಮಾವನ ಮಗ ಈಗ ದುಬೈಯಲ್ಲಿ ಡಿವಿಡಿ ಹಂಚುವ ಕಂಪನಿಯೊಂದರಲ್ಲಿದ್ದ. ಯಾವುದನ್ನು ಕೊಂಡುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಕೇಳುತ್ತಿದ್ದ. ಈ ಸಲದ್ದು ಒಂದು ಚಾರಿತ್ರಿಕ ಫ್ಯಾಂಟಸಿ, ಉದ್ದದ ಸರಣಿ. ಮೂಲದ ಬಗ್ಗೆ ಒಂದು ವರದಿ, ಇಂಗ್ಲಿಷ್ ಡಬ್ಬಿಂಗಿನ ಬಗ್ಗೆ ಇನ್ನೊಂದು. ಎರಡನ್ನೂ ಬೆರೆಸಬಾರದು, ಮಾದರಿ ಡಿಸ್ಕುಗಳನ್ನು ಕೆಲಸ ಮುಗಿದ ಮೇಲೆ ವಾಪಸು ಕಳಿಸಬೇಕು ಎಂದು ಫೋನಿನಲ್ಲಿ ಹೇಳಿದ.

ನನ್ನ ಕ್ರಮ ಹೀಗೆ. ಮೊದಲು ಜಪಾನೀ ದನಿಯಲ್ಲಿ, ಸಬ್‌ಟೈಟಲ್ ಓದುತ್ತಾ ನೋಡುವುದು. ಆಮೇಲೆ ಇಂಗ್ಲಿಷಿನಲ್ಲಿ. ಮೂರನೆಯ ಸಲ ದನಿ ಮುಚ್ಚಿ ಬರೀ ಬಾಯಿಗಳನ್ನು ನೋಡುವುದು. ಅನಿಮೆಯಲ್ಲಿ ಬಾಯಿಗೆ ಹೆಚ್ಚು ಆಕಾರಗಳಿಲ್ಲ: ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು. ಅಷ್ಟರೊಳಗೆ ಇಂಗ್ಲಿಷನ್ನು ತುರುಕುವಾಗ ಡಬ್ಬಿಂಗಿನವರು ಎಲ್ಲಿ ಎಳೆದಿದ್ದಾರೆ, ಎಲ್ಲಿ ನುಂಗಿದ್ದಾರೆ ಎಂಬುದು ಆಗ ಗೊತ್ತಾಗುತ್ತದೆ. ಕೊನೆಯದಾಗಿ ಪರದೆಗೆ ಬಟ್ಟೆ ಹೊದಿಸಿ ಬರೀ ದನಿ ಕೇಳುವುದು. ಈ ಕೊನೆಯ ಕೆಲಸಕ್ಕೆ ನನಗೆ ಮಾಸ್ಟ್ರು ಬೇಕಿತ್ತು.

ಮಾಸ್ಟ್ರು ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು, ನಿವೃತ್ತರಾಗಿ ಮೂಡುಬಿದಿರೆಯಲ್ಲಿ ಮಗಳ ಜೊತೆ ಇದ್ದರು. ಆದರೆ ನಮ್ಮ ಸುತ್ತಲಿನ ಮೂರು ತಾಲೂಕುಗಳಲ್ಲಿ ಅವರನ್ನು ಯಾರೂ ಇಂಗ್ಲಿಷ್ ಮೇಷ್ಟ್ರು ಎಂದು ಗುರುತಿಸುತ್ತಿರಲಿಲ್ಲ. ತಾಳಮದ್ದಳೆಯ ಅರ್ಥಧಾರಿ ಎಂದೇ ಗುರುತಿಸುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡಿ ನಿಲ್ಲಿಸಿದಾಗ ಚಾಪೆಯ ಮೇಲೆ ಕೂತವರು ಆ ಪಾತ್ರವಾಗಿ ಮಾತಾಡಬೇಕು, ಎದುರಿನವನ ಮಾತಿಗೆ ಮಾತು ಕೊಡಬೇಕು. ಆ ಮಾತಿಗೇ ಅರ್ಥ ಎನ್ನುವುದು. ಇರುವುದು ದನಿ ಒಂದೇ. ನನ್ನನ್ನೂ ಅದರೊಳಗೆ ಎಳೆದವರು ಅವರೇ. "ಬ್ಯಾರಿ ಹುಡುಗ, ನಾಲಗೆ ಉಂಟು, ಕೂತ್ಕೊ" ಎಂದು ಒಂದು ಸಂಜೆ ನನ್ನನ್ನು ಬೆಳ್ತಂಗಡಿಯ ತಾಳಮದ್ದಳೆ ಕೂಟಕ್ಕೆ ಕರೆದುಕೊಂಡು ಹೋಗಿ ಎದುರಾಳಿಯಾಗಿ ಕೂರಿಸಿದ್ದರು. ಅಂದಿನಿಂದ ನಾನು ಅವರೆದುರು ಸೋಲುತ್ತಲೇ ಬಂದೆ.

ಡಿಸ್ಕುಗಳ ಚೀಲ ಹಿಡಿದು ಮೂಡುಬಿದಿರೆಗೆ ಹೋದಾಗ ಮಗಳು ಗೇಟಿನಲ್ಲೇ ನನ್ನನ್ನು ತಡೆದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅಪ್ಪನ ಸ್ವರದ ವಿಷಯ ಎತ್ತಿದರು. ಅದು ಒಡೆದದ್ದನ್ನು ನಾನೂ ಗಮನಿಸಿದ್ದೆ, ಶೀತ ಎಂದುಕೊಂಡಿದ್ದೆ.

"ಶೀತ ಅಲ್ಲ. ಗಂಟಲಲ್ಲಿ ಗಂಟು. ಮಂಗಳೂರಿನ ಡಾಕ್ಟ್ರು ಧ್ವನಿಪೆಟ್ಟಿಗೆಯನ್ನೇ ತೆಗೀಬೇಕು ಅಂತ ಹೇಳಿದ್ದಾರೆ. ಈಗ ತೆಗೆದ್ರೆ ಜೀವಕ್ಕೆ ದಾರಿ ಉಂಟಂತೆ."

"ಮಾಸ್ಟ್ರು ಎಂತ ಹೇಳ್ತಾರೆ?"

"ಮಾತು ತೆಗೆದು ನನ್ನನ್ನು ಇಟ್ಕೊಂಡು ಎಂತ ಮಾಡ್ತೀ ಅಂತ ಕೇಳ್ತಾರೆ. ನನ್ನ ಮಾತು ಕೇಳುವ ಜನ ಅಲ್ಲ ಅವ್ರು. ನೀವಾದ್ರೂ ಹೇಳಿ. ನಿಮ್ಮದಾದ್ರೆ ಕೇಳ್ತಾರೇನೋ."

ಒಳಗೆ ಮಾಸ್ಟ್ರು ಎಲೆಯಡಿಕೆ ತಟ್ಟೆ ಬದಿಗೆ ಸರಿಸಿ, ಏನೂ ಆಗದವರಂತೆ, "ಬಾ ಮಾರಾಯ, ಎಲ್ಲಿ ನಿನ್ನ ಜಪಾನಿನವರು? ಕೇಳುವ" ಎಂದರು. ಆ ದಿನ ನಾನು ಆಪರೇಷನ್ನಿನ ಮಾತು ಎತ್ತಲಿಲ್ಲ. ಟಿವಿಗೆ ಅಕ್ಕನ ಹಳೆಯ ದುಪ್ಪಟ್ಟಾ ಹೊದಿಸಿ ಕೆಲಸ ಶುರುಮಾಡಿದೆವು.

ಕೆಲಸದ ಮಟ್ಟಿಗೆ ಆ ವಾರಗಳು ಚೆನ್ನಾಗಿದ್ದವು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಮಾಸ್ಟ್ರು ಕಣ್ಣು ಮುಚ್ಚಿ, ಕುತ್ತಿಗೆಗೆ ಮಫ್ಲರ್ ಸುತ್ತಿ ಕೇಳುವರು. ಎಳೆಯ ರಾಜನ ಇಂಗ್ಲಿಷ್ ದನಿ ಬಂದ ಕೂಡಲೇ ಕೈ ಎತ್ತುವರು. "ಇವ ಮಾತಾಡ್ತಾ ಇಲ್ಲ, ಓದ್ತಾ ಇದ್ದಾನೆ. ಎದುರಿಗೆ ಮನುಷ್ಯ ಇಲ್ಲ ಇವನಿಗೆ." ಅದು ನಿಜವಿತ್ತು, ಡಬ್ಬಿಂಗಿನಲ್ಲಿ ಒಬ್ಬೊಬ್ಬರನ್ನು ಬೇರೆ ಬೇರೆ ದಿನ ಕೂರಿಸಿ ರೆಕಾರ್ಡ್ ಮಾಡುತ್ತಾರೆ, ಒಬ್ಬನ ಕೋಪ ಇನ್ನೊಬ್ಬನಿಗೆ ತಾಗುವುದಿಲ್ಲ. ನರಿಯ ರೂಪದ ಯಕ್ಷಿಣಿಯ ದನಿ ಅವರಿಗೆ ಹಿಡಿಸಿತು. ನನಗೆ ಹಿಡಿಸಲಿಲ್ಲ. ಜಗಳವಾಡಿದೆವು, ಚಾ ಕುಡಿದೆವು, ಮತ್ತೆ ಜಗಳವಾಡಿದೆವು.

ದೊಡ್ಡ ಜಗಳ ಬಂದದ್ದು ಕೊನೆಯ ಕಂತಿನಲ್ಲಿ. ಕಥೆಯ ಮುದುಕ ಸೇನಾಪತಿ ಗಡಿಯ ಹೊಳೆಯನ್ನು ಕಾಯುವವನು. ಶತ್ರುಗಳು ಒಳಗೆ ಬರುವಂತೆ ಬಾಗಿಲು ತೆರೆದವನು ಎಳೆಯ ರಾಜನೇ, ಹೆದರಿಕೆಯಿಂದ. ಆರೋಪ ಬಂದದ್ದು ಸೇನಾಪತಿಯ ತಲೆಗೆ. ನಿಜ ಹೇಳಿದರೆ ಅವನು ಉಳಿಯುತ್ತಾನೆ, ರಾಜ್ಯ ಒಡೆಯುತ್ತದೆ. "ದ್ರೋಹ ಮಾಡಿದವನು ನೀನೋ?" ಎಂದು ರಾಜ ತುಂಬಿದ ಸಭೆಯಲ್ಲಿ ಕೇಳುತ್ತಾನೆ. ಸೇನಾಪತಿ ಬೆನ್ನು ತಿರುಗಿಸಿ ಹೊಳೆಯ ಕಡೆ ನೋಡುತ್ತಾ ನಿಲ್ಲುತ್ತಾನೆ. ಜಪಾನೀ ಮೂಲದಲ್ಲಿ ಅವನು ಒಂದು ಮಾತೂ ಆಡುವುದಿಲ್ಲ. ತೋಟದಲ್ಲಿ ಒಂದು ಬಿದಿರಿನ ಕೊಳವೆಗೆ ನೀರು ತುಂಬಿ, ಅದು ಬಾಗಿ ಕಲ್ಲಿಗೆ ಟಕ್ ಎಂದು ಬಡಿಯುತ್ತದೆ. ಮತ್ತೆ ತುಂಬುತ್ತದೆ, ಮತ್ತೆ ಟಕ್. ಅಷ್ಟೇ. ಆಮೇಲೆ ಅವನನ್ನು ಕೊಲ್ಲಲು ಕರೆದೊಯ್ಯುತ್ತಾರೆ.

ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ಒಂದು ಭಾಷಣ ಇತ್ತು. ಬೆನ್ನು ಕಾಣುತ್ತಿದೆಯಲ್ಲ, ಬಾಯಿ ಕಾಣುವುದಿಲ್ಲ, ಏನು ಬೇಕಾದರೂ ತುಂಬಬಹುದು. ಹೊಳೆಯನ್ನು ಸಾಕ್ಷಿ ಕರೆದು, ತನ್ನ ಪ್ರತಿಜ್ಞೆ ನೆನೆದು, "ಇನ್ನು ನಾನು ಮಾತಾಡುವುದಿಲ್ಲ" ಎಂದು ಮುಗಿಸುತ್ತಾನೆ. ಸುಮ್ಮನಿರುತ್ತೇನೆಂದು ಇಷ್ಟುದ್ದ ಮಾತಾಡುವ ಸೇನಾಪತಿಯನ್ನು ನಾನು ಎಲ್ಲೂ ಕಂಡಿರಲಿಲ್ಲ. ಮಾವನ ಮಗನನ್ನು ಕೇಳಿ ಇದರ ಕಾರಣವನ್ನೂ ತಿಳಿದುಕೊಂಡೆ. ಡಬ್ಬಿಂಗಿನವರಿಗೆ ಜಪಾನಿನಿಂದ ಹಿನ್ನೆಲೆ ಶಬ್ದಗಳ ಪ್ರತ್ಯೇಕ ಟ್ರ್ಯಾಕ್ ಸಿಕ್ಕಿರಲಿಲ್ಲ. ಮೂಲದ ದನಿ ಅಳಿಸಿದಾಗ ಬಿದಿರಿನ ಶಬ್ದವೂ ಅಳಿಸಿಹೋಗಿತ್ತು. ಉಳಿದ ಆ ಸತ್ತ ಮೌನಕ್ಕೆ ಹೆದರಿ ಮಾತು ತುಂಬಿದ್ದರು.

ಮಾಸ್ಟ್ರು ಮಾತ್ರ ಕಣ್ಣು ತೆರೆದು ಎದ್ದು ಕೂತರು. "ಪುನಃ ಹಾಕು" ಎಂದರು. ಮತ್ತೊಮ್ಮೆ. ಮಗದೊಮ್ಮೆ. "ಇದು ಅರ್ಥ! ಇಷ್ಟು ಹೊತ್ತು ಹೊಟ್ಟು ಕುಟ್ಟಿದ್ರು, ಈಗ ಅಕ್ಕಿ ಬಂತು ನೋಡು."

ಬಟ್ಟೆ ತೆಗೆದು ನಾನು ಮೂಲವನ್ನು ತೋರಿಸಿದೆ. ಅವರು ಟಕ್ ಶಬ್ದ ಎರಡು ಸಲ ಬರುವವರೆಗೆ ನೋಡಿ ಮುಖ ತಿರುಗಿಸಿದರು.

"ಇದೆಂತ? ರಾಜ ಪ್ರಶ್ನೆ ಕೇಳಿದ್ದಾನೆ. ಉತ್ತರ ಎಲ್ಲಿ?"

"ಉತ್ತರ ಇಲ್ಲ ಮಾಸ್ಟ್ರೇ. ಅದೇ ಉತ್ತರ."

"ಹೋಗೋ. ಬಾಯಿ ಉಂಟು, ಆದ್ರೂ ಸುಮ್ಮನೆ ನಿಲ್ಲುವುದು ಅಂದ್ರೆ ಸೋಲು. ಸೋಲ್ಲಿಕ್ಕಾದ್ರೂ ಮಾತಾಡಿ ಸೋಲಬೇಕು. ಮಾತು ಬಿಟ್ಟ ಮೇಲೆ ಅಲ್ಲಿ ನಿಂತದ್ದು ಯಾರು? ಒಂದು ಕಂಬ."

ಅವರ ದನಿ ಆ ಕೊನೆಯ ಮಾತಿನಲ್ಲಿ ಒಡೆದು ಗಾಳಿಯಾಯಿತು. ಕೆಮ್ಮು ಬಂತು, ಮಫ್ಲರಿನಲ್ಲಿ ಕೆಂಪು ಕಂಡಿತು. ಅದು ಎಲೆಯಡಿಕೆಯ ಕೆಂಪಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಅವರು ನನ್ನನ್ನು ನೋಡಿದ ನೋಟಕ್ಕೆ ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

ಇನ್ನು ತಡಮಾಡಬಾರದು ಎಂದು ನಾನು ಒಂದು ಉಪಾಯ ಹೂಡಿದೆ. ನಮ್ಮಂಥ ಕೂಟದವರು ಮಾತ್ರ ಹೂಡಬಹುದಾದ ದಡ್ಡ ಉಪಾಯ ಅದು. ಆ ಶನಿವಾರ ಬೆಳ್ತಂಗಡಿಯಲ್ಲಿ ಕೂಟವಿತ್ತು. ಪ್ರಸಂಗ ಮುಗಿದು ಎಲ್ಲರೂ ಚಾ ಕುಡಿಯುತ್ತಿದ್ದಾಗ, ನಾಲ್ಕು ಜನರೆದುರು ಹೇಳಿದರೆ ಒಪ್ಪಿಯಾರು ಎಂದು ನಾನು ವಿಷಯ ಎತ್ತಿದೆ. "ಮಾಸ್ಟ್ರು ಆಪರೇಷನ್ ಬೇಡ ಅಂತಾರೆ. ನೀವೆಲ್ಲ ಹೇಳಿ. ಜೀವ ಇದ್ರೆ ತಾನೇ ಮಾತು?"

ಮಾಸ್ಟ್ರು ಲೋಟ ಕೆಳಗಿಟ್ಟರು. ಬೆನ್ನು ನೆಟ್ಟಗಾಯಿತು. ಆಗಲೇ ನನಗೆ ಗೊತ್ತಾಗಬೇಕಿತ್ತು. ಇದು ಸಲಹೆಯಾಗಿ ಅವರ ಕಿವಿಗೆ ಬೀಳಲಿಲ್ಲ, ಸವಾಲಾಗಿ ಬಿತ್ತು. ಅವರು ತುಂಬು ಕನ್ನಡದಲ್ಲಿ, ಕೂಟದ ಕನ್ನಡದಲ್ಲಿ ಶುರುಮಾಡಿದರು.

"ಉಸಿರಾಡುವುದನ್ನೇ ಬದುಕು ಎನ್ನುವೆಯಾದರೆ, ಅಯ್ಯಾ, ಕಮ್ಮಾರನ ತಿದಿಯೂ ಬದುಕಿದೆ. ಈ ಮದ್ದಳೆಯನ್ನು ನೋಡು. ಬಡಿದಾಗ ಇದು ಮದ್ದಳೆ. ಬಡಿಯಲಾಗದ ದಿನ ಇದು ಮರ, ಚರ್ಮ. ನೀನು ನನ್ನನ್ನು ಉಳಿಸುವುದಿಲ್ಲ. ನನ್ನ ಮರವನ್ನೂ ಚರ್ಮವನ್ನೂ ಉಳಿಸುವೆ."

ಜನ ಚಾ ಬಿಟ್ಟು ಸುತ್ತ ಸೇರಿದರು. ನಾನೂ ಏನು ಕಡಿಮೆ, ತಿರುಗಿ ಹೇಳಿದೆ. ಅವರು ಅದನ್ನು ತುಂಡು ಮಾಡಿದರು. ಇನ್ನೊಂದು ಹೇಳಿದೆ. ಅದನ್ನೂ ತುಂಡು ಮಾಡಿದರು. ಒಡೆದ ದನಿಯಲ್ಲಿ ಅವರು ಹಾಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೊನೆಗೆ ನಾನು ಸೋತಾಗ ಜನ ಚಪ್ಪಾಳೆ ತಟ್ಟಿದರು. ಭಾಗವತರ ಕಣ್ಣಲ್ಲಿ ನೀರಿತ್ತು, ಆದರೂ ಅವರೂ ತಟ್ಟಿದರು. ಒಬ್ಬ ಮನುಷ್ಯ ತಾನು ಸಾಯುತ್ತೇನೆಂದು ವಾದಿಸಿ ಗೆದ್ದದ್ದಕ್ಕೆ ನಾವು ಚಪ್ಪಾಳೆ ತಟ್ಟಿದೆವು.

ಮರುದಿನ ಅಕ್ಕ ಅಂಗಡಿಗೆ ಬಂದರು. ಸುದ್ದಿ ಮೂಡುಬಿದಿರೆಗೆ ಆಗಲೇ ತಲುಪಿತ್ತು. ಗಿರಾಕಿಗಳ ಎದುರೇ ಹೇಳಿದರು.

"ನಿಮಗೆ ಇದೂ ಒಂದು ಪ್ರಸಂಗವಾ? ಜನರ ಮುಂದೆ ಗೆದ್ದು ಬಂದಿದ್ದಾರೆ. ಇನ್ನು ಸತ್ರೂ ಅವ್ರು ಆ ಮಾತಿನಿಂದ ಹಿಂದೆ ಬರ್ಲಿಕ್ಕಿಲ್ಲ. ಡಾಕ್ಟ್ರು ಇನ್ನು ಕಾಯುವ ಹಾಗಿಲ್ಲ ಅಂತ ಹೇಳಿದ್ದಾರೆ. ಗೊತ್ತುಂಟಾ ನಿಮಗೆ?"

ಅವರು ಹೋದ ಮೇಲೆ ಶಟರ್ ಅರ್ಧ ಎಳೆದು, ಮೂಲದ ಆ ಕೊನೆಯ ಕಂತನ್ನು ಮತ್ತೆ ಹಾಕಿ ಕೂತೆ. ವರದಿ ಕಳಿಸಬೇಕಾದ ದಿನ ಹತ್ತಿರ ಬಂದಿತ್ತು. ಒಂದು ಕಡೆ ಸೇನಾಪತಿಯ ಬೆನ್ನು, ಇನ್ನೊಂದು ಕಡೆ ಮಾಸ್ಟ್ರ ನೆಟ್ಟಗಾದ ಬೆನ್ನು. ಒಬ್ಬ ಬಾಯಿ ಬಿಡದೆ ಸಾಯುತ್ತಾನೆ, ಇವರು ಬಾಯಿ ಮುಚ್ಚಲಾರದೆ ಸಾಯುತ್ತಾರೆ ಎಂದು ನನಗೆ ವಿಪರೀತ ಸಿಟ್ಟು ಬಂತು. ವಾದಿಸಿ ಅವರನ್ನು ಗೆಲ್ಲುವವರು ಈ ಮೂರು ತಾಲೂಕಿನಲ್ಲಿ ಯಾರೂ ಇಲ್ಲ, ಅವರನ್ನು ಬಿಟ್ಟು. ಹೀಗೆ ಯೋಚಿಸುತ್ತಿರುವಾಗಲೇ ನನಗೆ ದಾರಿ ಕಂಡಿತು.

ಕೂಟದಲ್ಲಿ ಒಂದು ಪದ್ಧತಿ ಉಂಟು. ಇವತ್ತು ನಾನು ವಹಿಸಿದ ಪಾತ್ರವನ್ನು ನಾಳೆ ಎದುರಾಳಿ ವಹಿಸುತ್ತಾನೆ, ಅವನದನ್ನು ನಾನು. ಯಾವ ಕಡೆ ಕೂತರೂ ಪೂರ್ತಿ ಬಲ ಹಾಕಿ ಮಾತಾಡಬೇಕು. ಮನಸ್ಸಿಗೆ ಒಪ್ಪದ ಪಾತ್ರವೆಂದು ಮಾತನ್ನು ಸಡಿಲ ಬಿಟ್ಟವನನ್ನು ಮಾಸ್ಟ್ರು ಮತ್ತೆ ಹತ್ತಿರ ಸೇರಿಸುತ್ತಿರಲಿಲ್ಲ. "ಪಾತ್ರಕ್ಕೆ ಮೋಸ ಮಾಡಿದವ ಊಟಕ್ಕೆ ಕರೆದು ಬಡಿಸದವ" ಎಂದು ಬೈಯುತ್ತಿದ್ದರು.

ಆ ಸಂಜೆ ಮೂಡುಬಿದಿರೆಗೆ ಹೋಗಿ, ಡಿಸ್ಕಿನ ಚೀಲ ಬಿಚ್ಚದೆ, ಚಾವಡಿಯಲ್ಲಿ ಚಾಪೆ ಹಾಸಿದೆ. "ಬೆಳ್ತಂಗಡಿಯದ್ದು ಅರ್ಧ ಆಯ್ತು ಮಾಸ್ಟ್ರೇ. ಪಾತ್ರ ಬದಲಿಸುವ. ನಾನು ಮಾಸ್ಟ್ರು. ನೀವು ಡಾಕ್ಟ್ರು."

ಅವರು ನನ್ನ ಮುಖ ನೋಡಿದರು. ನನ್ನ ಹೂಟ ಅವರಿಗೆ ತಿಳಿಯಲಿಲ್ಲ ಎಂದು ನಾನು ಹೇಳಲಾರೆ. ಬೇಡ ಎನ್ನಬಹುದಿತ್ತು. ಆದರೆ ಕರೆದ ಕೂಟಕ್ಕೆ ಅವರು ಎಂದೂ ಬೇಡ ಎಂದವರಲ್ಲ. ಬಂದು ಎದುರು ಕೂತರು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತರು.

ಮೊದಲು ನಾನು ಮಾತಾಡಿದೆ. ಮದ್ದಳೆ, ಮರ, ಚರ್ಮ, ಎಲ್ಲ ಅವರ ಮಾತುಗಳೇ. ನಾನೂ ಮೋಸ ಮಾಡಲಿಲ್ಲ. ಅವರು ತಲೆ ತಗ್ಗಿಸಿ ಕೇಳಿದರು. ಆಮೇಲೆ ಬಾಯಿ ತೆರೆದಾಗ ಅಲ್ಲಿ ಮಾಸ್ಟ್ರು ಇರಲಿಲ್ಲ, ಒಬ್ಬ ವೈದ್ಯನಿದ್ದ.

"ಪಂಡಿತರೇ, ಮಾತೋ ಮೌನವೋ ಎಂದು ಆರಿಸುತ್ತಿದ್ದೇನೆ ಎಂಬ ಭ್ರಮೆ ನಿಮಗೆ. ಆ ಆಯ್ಕೆ ನಿಮ್ಮ ಕೈಯಲ್ಲಿಲ್ಲ. ನಾನು ತೆಗೆದರೆ ಮಾತು ಒಂದೇ ದಿನ ಹೋಗುತ್ತದೆ. ನನ್ನನ್ನು ತಡೆದರೆ ಈ ಗಂಟು ದಿನಕ್ಕೊಂದು ಅಕ್ಷರದಂತೆ ತಿನ್ನುತ್ತದೆ. ಮದ್ದಳೆ ಎರಡು ಕಡೆಯೂ ಒಡೆಯುತ್ತದೆ. ಒಡೆದ ಮೇಲೆ ಯಾರು ಉಳಿಯಬೇಕು, ನೀವೋ, ಗಂಟೋ? ನಾನು ಕೇಳುವುದು ಇಷ್ಟೇ."

ಅವರು ಉಸಿರೆಳೆಯಲು ನಿಲ್ಲಿಸಿದರು. ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ.

"ಇನ್ನೊಂದು ಮಾತು. ಮಾತೇ ತಾನು ಎನ್ನುವಿರಿ. ಹುಟ್ಟಿದಂದಿನಿಂದ ನಿಮ್ಮ ಮಗಳು ನಿಮ್ಮ ಮಾತು ಕೇಳಿದ್ದಾಳೆ. ಅವಳ ಮಾತನ್ನು ನೀವು ಎಂದು ಕೇಳಿದಿರಿ? ನಿಮ್ಮ ಗಂಟಲು ಮುಚ್ಚಿದರೆ, ಅಯ್ಯಾ, ನಿಮ್ಮ ಕಿವಿ ತೆರೆದೀತು. ಅದಕ್ಕಾದರೂ ಬದುಕಿ."

ಈಗ ನನ್ನ ಸರದಿ. ನಾನು ಹುಡುಕಿದೆ, ನಿಜವಾಗಿಯೂ ಹುಡುಕಿದೆ. ಒಂದು ಮಾತೂ ಸಿಗಲಿಲ್ಲ. ಒಳಗೆ ನಲ್ಲಿಯ ನೀರು ಬಿಂದಿಗೆಗೆ ಬೀಳುತ್ತಿತ್ತು, ತುಂಬಿ ಹೊರಗೆ ಚೆಲ್ಲತೊಡಗಿತು, ಅಕ್ಕ ಹೋಗಿ ನಿಲ್ಲಿಸಲಿಲ್ಲ. ಎದುರಾಳಿ ಮಾತು ಕೊಡದಿದ್ದರೆ ಕೂಟದಲ್ಲಿ ಅದು ಸೋಲೇ. ಮಾಸ್ಟ್ರ ಪಾತ್ರ ಹಿಡಿದು ನಾನು ಸೋತಿದ್ದೆ. ಅಂದರೆ ಮಾಸ್ಟ್ರು ಸೋತಿದ್ದರು, ಸೋಲಿಸಿದವರೂ ಅವರೇ.

ಅವರು ಮಂಡಿ ಹಿಡಿದು ಎದ್ದು ಮಗಳ ಕಡೆ ತಿರುಗಿದರು. "ಮಂಗಳೂರಿಗೆ ಯಾವಾಗ ಹೋಗುವ?" ಎಂದು ಕೇಳಿದರು. ಅಕ್ಕ ಅಲ್ಲೇ ಕುಸಿದು ಕೂತು ಅತ್ತರು.

ಆಪರೇಷನ್ ಆಯಿತು. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕಾಯುತ್ತಾ ನನ್ನ ಎರಡೂ ವರದಿ ಬರೆದು ಮುಗಿಸಿದೆ. ಮೂಲದ ವರದಿಯಲ್ಲಿ, ಸರಣಿಯನ್ನು ಕಣ್ಣು ಮುಚ್ಚಿ ಕೊಂಡುಕೊಳ್ಳಬಹುದು ಎಂದು ಬರೆದೆ. ಇನ್ನೊಂದರಲ್ಲಿ ಡಬ್ಬಿಂಗಿಗೆ ಕಡಿಮೆ ಅಂಕ ಕೊಟ್ಟೆ: ರಾಜ ಓದುತ್ತಿದ್ದಾನೆ, ತುಟಿಗೂ ಮಾತಿಗೂ ಹಲವು ಕಡೆ ಹೊಂದಿಕೆ ಇಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಸೇನಾಪತಿಯ ಭಾಷಣ. ಜಪಾನಿನಿಂದ ಹಿನ್ನೆಲೆ ಶಬ್ದದ ಟ್ರ್ಯಾಕ್ ತರಿಸಿ, ಭಾಷಣ ಕಿತ್ತು, ಆ ಮೌನವನ್ನು ಇದ್ದ ಹಾಗೆ ಉಳಿಸಬೇಕು. ಮಾಸ್ಟ್ರ ಅಭಿಪ್ರಾಯ ಬೇರೆ ಇತ್ತೆಂಬುದನ್ನು ನಾನು ಬರೆಯಲಿಲ್ಲ. ವರದಿ ನನ್ನದು.

ಕೆಲವು ತಿಂಗಳ ಮೇಲೆ ಮಾವನ ಮಗ ಫೋನ್ ಮಾಡಿದ. "ನೀನು ಹೇಳಿದ ಹಾಗೇ ಮಾಡಿದ್ರು ಮಾರಾಯ. ಭಾಷಣ ತೆಗೆದ್ರು." ನನಗೆ ಹೆಮ್ಮೆಯಾಯಿತು. ಮಾರಾಟದ ಡಿಸ್ಕುಗಳು ಬಂದಾಗ ಅಂಗಡಿಯ ಎದುರಿನ ಸಾಲಿನಲ್ಲೇ ಇಟ್ಟೆ.

ಮಾಸ್ಟ್ರು ಮನೆಯಲ್ಲಿದ್ದರು. ಕತ್ತಿನ ಕೆಳಗೆ ಉಸಿರಿಗೆ ಒಂದು ತೂತು, ಅದರ ಮೇಲೆ ತೆಳು ಬಟ್ಟೆ. ಕತ್ತಿಗೆ ಒತ್ತಿ ಹಿಡಿದರೆ ದನಿ ಬರುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಒಂದು ಸಲ ಹಿಡಿದು ನೋಡಿದರು. ಏರಿಳಿತವೇ ಇಲ್ಲದ, ಮಿಕ್ಸಿ ತಿರುಗಿದಂಥ ದನಿ. ಅದನ್ನು ಕಪಾಟಿನಲ್ಲಿಟ್ಟವರು ಮತ್ತೆ ತೆಗೆಯಲಿಲ್ಲ. ಕೂಟಗಳಿಗೆ ಹೋಗುವುದನ್ನೂ ಬಿಟ್ಟರು. ಅಕ್ಕ ಈಗ ಅವರ ಹತ್ತಿರ ಕೂತು ತುಂಬ ಮಾತಾಡುತ್ತಿದ್ದರು, ಅವರು ಕೇಳುತ್ತಿದ್ದರು ಎಂಬುದೊಂದೇ ನನಗೆ ಇದ್ದ ಸಮಾಧಾನ. ಅದೂ ಹೆಚ್ಚು ಕಾಲ ಉಳಿಯಲಿಲ್ಲ. ಕತ್ತಿನ ಇನ್ನೊಂದು ಬದಿಯಲ್ಲಿ ಗಂಟು ಕಾಣಿಸಿಕೊಂಡಿತು. ಇನ್ನು ಮಾಡಲಿಕ್ಕೆ ಏನೂ ಇಲ್ಲ ಎಂದು ಡಾಕ್ಟರು ಹೇಳಿದರು.

ಅದನ್ನು ಕೇಳಿ ಬಂದ ವಾರವೇ ಅವರು ಒಬ್ಬರೇ ಬಸ್ಸು ಹತ್ತಿ ಬಿ.ಸಿ.ರೋಡಿಗೆ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಟಿವಿಯ ಎದುರು ಕೂತು, ಸಾಲಿನಲ್ಲಿದ್ದ ಆ ಡಿಸ್ಕನ್ನು ಬೆರಳಿಂದ ತೋರಿಸಿದರು. ಕೊನೆಯದು ಎಂದು ಸನ್ನೆ ಮಾಡಿದರು. ಹಾಕಿದೆ. ರಾಜ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದ. ಸೇನಾಪತಿ ಬೆನ್ನು ತಿರುಗಿಸಿದ. ಟಕ್. ಮತ್ತೆ ಟಕ್.

ಮಾಸ್ಟ್ರು ಕಾದರು. ಆಮೇಲೆ ನನ್ನತ್ತ ನೋಡಿ ಎರಡೂ ಅಂಗೈ ಬಿಚ್ಚಿದರು: ಎಲ್ಲಿ?

ನಾನೇ ತೆಗೆಸಿದೆ ಮಾಸ್ಟ್ರೇ ಎಂದೆ. ಅವರು ಸಿಟ್ಟು ಮಾಡಲಿಲ್ಲ. ಅಂಗೈಗಳನ್ನು ಹಾಗೇ ಬಿಚ್ಚಿಟ್ಟುಕೊಂಡು ಕೂತರು. ವಾಪಸು ಕಳಿಸಬೇಕಿದ್ದ ಮಾದರಿ ಡಿಸ್ಕುಗಳು ನನ್ನ ಸೋಮಾರಿತನದಿಂದ ಕೌಂಟರಿನ ಅಡಿಯಲ್ಲೇ ಉಳಿದಿದ್ದವು. ಅವುಗಳಲ್ಲಿ ಕೊನೆಯ ಕಂತಿನದನ್ನು ಹುಡುಕಿ ಟಿವಿಗೆ ಹಾಕಿದೆ. ಕಿಟಕಿ ಮುಚ್ಚಿದೆ. ಬಸ್ಸಿನವರ ಕೂಗು ಸ್ವಲ್ಪ ತಗ್ಗಿತು.

ಸೇನಾಪತಿ ಬೆನ್ನು ತಿರುಗಿಸಿದ. ಭಾಷಣ ಶುರುವಾಯಿತು. ಮಾಸ್ಟ್ರು ನೆಟ್ಟಗೆ ಕೂತರು, ಎಡಗೈ ಮಂಡಿಯ ಮೇಲೆ, ಬಲಗೈ ಎದೆಯ ಎತ್ತರಕ್ಕೆ, ಕೂಟದಲ್ಲಿ ಕೂರುತ್ತಿದ್ದ ಹಾಗೆ. ಅವರ ತುಟಿಗಳು ಅಲ್ಲಾಡಿದವು. ಪ್ರತಿ ಶಬ್ದವೂ ಅವರಿಗೆ ಬಾಯಿಪಾಠವಾಗಿತ್ತು. ಹೊಳೆಯನ್ನು ಕರೆದಾಗ ಕಣ್ಣು ಅರಳಿತು, ಪ್ರತಿಜ್ಞೆ ಬಂದಾಗ ಹುಬ್ಬು ಏರಿತು. ಕತ್ತಿನ ಬಟ್ಟೆ ಮಾತ್ರ ಉಸಿರಿಗೆ ಏಳುತ್ತಾ ಬೀಳುತ್ತಾ ಇತ್ತು. ತುಟಿಗೂ ಮಾತಿಗೂ ಹೊಂದಿಕೆ ಇಲ್ಲವೆಂದು ನಾನು ಅಂಕ ಕಳೆದ ಡಬ್ಬಿಂಗ್ ಅದು. ಆ ಹೊತ್ತು ಒಂದಕ್ಷರ ಹಿಂದೆ ಮುಂದೆ ಆಗಲಿಲ್ಲ. ಯಾರದೋ ದನಿ, ಮಾಸ್ಟ್ರ ಬಾಯಿ.

"ಇನ್ನು ನಾನು ಮಾತಾಡುವುದಿಲ್ಲ" ಎಂಬಲ್ಲಿಗೆ ಭಾಷಣ ಮುಗಿಯಿತು. ಅವರು ತುಟಿ ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, ಪುನಃ ಹಾಕು ಎಂದು ಬೆರಳು ತಿರುಗಿಸಿದರು.